ಬಲಕ್ಕೆ ಬಿದ್ದ ಹೊಲಿಗೆ

ಚಳ್ಳಕೆರೆಯ ಹಳೇ ಪೇಟೆಗೆ ಇನ್ನೂ ಹಾಲಿನ ಸೈಕಲ್ಲೂ ಬಂದಿಲ್ಲ. ಹಜರಾ ಬೀ ಆಗಲೇ ಜಗಲಿಯ ಮೇಲೆ ಚಾಪೆ ಹಾಸಿ, ತಾವೇ ಹೊಲಿದ ಪುಸ್ತಕವೊಂದನ್ನು ಬಿಚ್ಚುತ್ತಿದ್ದಾರೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದಾರ ಎಳೆಯುತ್ತಾರೆ. ಕಾಗದ ಹಪ್ಪಳದಂತೆ ಗರಿಗರಿ. ಹಾಳೆ ಮುರಿದರೆ ಮುಗಿಯಿತು, ಇದರ ಇನ್ನೊಂದು ಪ್ರತಿ ಸುತ್ತಮುತ್ತ ಎಲ್ಲೂ ಇಲ್ಲ.

ಅದು ರಷ್ಯಾದ ಹಳೆಯ ಕಾದಂಬರಿಯೊಂದರ ಕನ್ನಡ ಅನುವಾದ. ಹಿಮ ಸುರಿಯುವ ನಾಡಿನ ಸೆರೆ ಶಿಬಿರದಲ್ಲಿ ಕೈದಿಯೊಬ್ಬ ಹೇಗೆ ದಿನ ತಳ್ಳಿದ ಎಂಬ ಕಥೆ. ಪಕ್ಕದ ತಳಕು ಊರಿನ ಓದುವ ಕೋಣೆ ನೋಡಿಕೊಳ್ಳುವ ಕಮಲಾಕ್ಷಮ್ಮ ಅದನ್ನು ಬಿಡಿ ಹಾಳೆಗಳ ಕಂತೆಯಾಗಿ ತಂದುಕೊಟ್ಟಿದ್ದರು. ಅದಕ್ಕಾಗಿ ಕಾಯುತ್ತಿರುವವರು ಸಿದ್ದಾಪುರದ ಜಯಣ್ಣ. ಒಂಬತ್ತು ವರ್ಷ ಜೈಲಿನಲ್ಲಿದ್ದು ಬಂದವರು. ಅಲ್ಲಿ ಇದೇ ಕಥೆ ಓದತೊಡಗಿದ್ದರು, ಆದರೆ ಆ ಪ್ರತಿಯ ಹಿಂದಿನ ಅರ್ಧ ಯಾರೋ ಕಿತ್ತುಹಾಕಿದ್ದರು. "ನಾನು ಹೊರಗೆ ಬಂದೆ ಕಣವ್ವ, ಕಥೆಯಾಗಿನ ಆವಯ್ಯ ಇನ್ನೂ ಒಳಗೇ ಅವ್ನೆ" ಎಂದು ಹಜರಾ ಬೀ ಮುಂದೆ ಹೇಳಿಕೊಂಡಿದ್ದಾರೆ.

ಅಂಥ ಪುಸ್ತಕಕ್ಕೇ ಕೈ ತಪ್ಪಿದ್ದು ನೋಡಿ. ಹಿಂದಿನ ವಾರವೆಲ್ಲ ಹಜರಾ ಬೀ ಮದರಸಾದ ಉರ್ದು ಕಿತಾಬುಗಳನ್ನು ಕಟ್ಟಿದ್ದರು. ಬಲದಿಂದ ಎಡಕ್ಕೆ ಓದುವ ಉರ್ದುವಿಗೆ ಹೊಲಿಗೆ ಬಲಕ್ಕೆ, ಕನ್ನಡಕ್ಕೆ ಎಡಕ್ಕೆ. ಅದೇ ಓಘದಲ್ಲಿ ಕಾದಂಬರಿಯನ್ನೂ ಬಲಕ್ಕೇ ಹೊಲಿದುಬಿಟ್ಟರು. ಸವೆದ ಅಂಚಿನ ಅಕ್ಷರಗಳೆಲ್ಲ ದಾರದೊಳಗೆ ಹೂತುಹೋದವು. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ? ಆದರೆ ಹಜರಾ ಬೀಗೆ ಈ ಸಮಾಧಾನ ಸಾಲದು. "ನಲವತ್ತು ವರ್ಷದಾಗೆ ಇದೊಂದೇ ತಪ್ಪು. ಅದೂ ಜಯಣ್ಣನ ಪುಸ್ತಕಕ್ಕೇ ಆಗಬೇಕಿತ್ತಾ?" ಎನ್ನುತ್ತಲೇ ಇನ್ನೊಂದು ದಾರ ಎಳೆಯುತ್ತಾರೆ.

ಪುಸ್ತಕ ಕಟ್ಟುವ ಕೆಲಸ ಕಲಿಸಿದವರು ಗಂಡ ಮೌಲಾ ಸಾಬ್. ಈಗ ಅವರಿಗೆ ಕಣ್ಣು ಮಂಜು, ಹುಣಸೆ ಬೀಜದ ಅಂಟು ಕುದಿಸುವುದಷ್ಟೇ ಪಾಲು. ಕಂಬಳಿ ನೇಯುವವರು ನೂಲಿಗೆ ಹಚ್ಚುವ ಅಂಟೇ ಇದು. ದಾರ ಮೊಳಕಾಲ್ಮುರಿನ ಮಗ್ಗಗಳಲ್ಲಿ ಉಳಿದ ರೇಷ್ಮೆ. ದಿನಕ್ಕೆ ನಾಲ್ಕು ಪುಸ್ತಕ ಕಟ್ಟುವ ಹಜರಾ ಬೀಗೆ ಕನ್ನಡದಲ್ಲಿ ಅಂಕಿ ಮಾತ್ರ ಗೊತ್ತು, ಅಕ್ಷರ ಬಾರದು. "ಓದೋಕೆ ಬರ್ತಿದ್ರೆ ಒಂದು ಪುಸ್ತಕಾನೂ ಮುಗೀತಿರ್ಲಿಲ್ಲ" ಎಂದು ಮೌಲಾ ಸಾಬ್ ಕಾಲೆಳೆಯುತ್ತಾರೆ. "ನೀವು ಅಂಟು ತಳ ಹಿಡಿಸಬ್ಯಾಡ್ರಿ, ಸಾಕು" ಎಂಬ ಉತ್ತರ ತಡವಿಲ್ಲದೆ ಬರುತ್ತದೆ.

ಇನ್ನೂರ ಹನ್ನೆರಡು ಹಾಳೆ. ಪ್ರತಿಯೊಂದರ ಎಡ ಅಂಚಿಗೂ ತೆಳು ಕಾಗದದ ಪಟ್ಟಿ ಅಂಟಿಸಿ, ಆ ಪಟ್ಟಿಯ ಮೇಲಷ್ಟೇ ಹೊಲಿಗೆ ಹಾಕುತ್ತಾರೆ. ಮೂರು ಮುಂಜಾವು ಹಿಡಿಯುತ್ತದೆ. ಒಂದು ಹಾಳೆಯೂ ಮುರಿಯುವುದಿಲ್ಲ, ಒಂದು ಅಕ್ಷರವೂ ಮುಚ್ಚುವುದಿಲ್ಲ.

ನಾಲ್ಕನೆಯ ದಿನ ಮೊದಲ ಬಸ್ಸಿಗೇ ಜಯಣ್ಣ ಹಾಜರು. ಪುಸ್ತಕ ತೆಗೆದುಕೊಂಡವರೇ ಕೊನೆಯ ಪುಟಕ್ಕೆ ಬೆರಳಿಟ್ಟು, ಯಾಕೋ ಮತ್ತೆ ಮುಚ್ಚುತ್ತಾರೆ. "ಬ್ಯಾಡ. ಮೊದಲಿಂದ ಅವನ ಜೊತೆಗೇ ಹೋಗ್ತೀನಿ."

"ಧೈರ್ಯವಾಗಿ ಬಿಡಿಸಿ ಓದು. ಹತ್ತು ಜನ ಓದಿದ್ರೂ ನನ್ನ ಹೊಲಿಗೆ ಬಿಡಲ್ಲ" ಎನ್ನುತ್ತಾರೆ ಹಜರಾ ಬೀ. ಜಯಣ್ಣ ಮೆಟ್ಟಿಲಿಳಿದ ಮೇಲೆ ಮತ್ತೆ ಕೂಗಿ ನಿಲ್ಲಿಸುತ್ತಾರೆ.

"ಇಷ್ಟು ಪುಸ್ತಕ ಕಟ್ಟೀನಿ, ಯಾವುದರ ಕೊನೆನೂ ಯಾರನ್ನೂ ಕೇಳಿಲ್ಲ. ಇದರದ್ದು ಮಾತ್ರ ಬಂದು ಹೇಳಪ್ಪ, ಅವನು ಮನೆಗೆ ಹೋದನಾ?"