ಗಂಟಲಿನ ಕ

ಹಳೇಹುಬ್ಬಳ್ಳಿಯ ರಾಜಬಿ ಕುಪ್ಪಸ ಹೊಲಿಯುವವಳು. ಅಮರಗೋಳದ ಮುರಿಗೆವ್ವ ಮುಂಬಯಿಗೆ ಹೋಗಿ ‘ಮಿಸ್ ಮಂಜರಿ’ ಎಂಬ ಹೆಸರಿನಲ್ಲಿ ಮೂಕಿ ಚಿತ್ರಗಳ ನಾಯಕಿಯಾದ ಮೇಲೂ ಕುಪ್ಪಸ ಹೊಲಿಸಲು ಬರುತ್ತಿದ್ದುದು ರಾಜಬಿಯ ಹತ್ತಿರವೇ. ಮೂಕಿ ಚಿತ್ರದಲ್ಲಿ ಯಾವ ಭಾಷೆಯಲ್ಲಿ ತುಟಿ ಆಡಿಸಿದರೂ ನಡೆಯುತ್ತಿತ್ತು. ಮುರಿಗೆವ್ವ ಕನ್ನಡದಲ್ಲಿಯೇ ಅತ್ತು, ಕನ್ನಡದಲ್ಲಿಯೇ ಬೈದು ಹೆಸರು ಮಾಡಿದ್ದಳು. ಮಾತಾಡುವ ಚಿತ್ರಗಳು ಬಂದಾಗ ಕಂಪನಿಯವರು, ಹಿಂದೂಸ್ತಾನಿ ಕಲಿತು ದನಿ ಪರೀಕ್ಷೆ ಕೊಡು, ಇಲ್ಲದಿದ್ದರೆ ನಾಯಕಿಯ ಪಾತ್ರ ಬೇರೆಯವರಿಗೆ ಎಂದುಬಿಟ್ಟರು.

“ರಾಜಕ್ಕಾ, ನೀವು ಮನ್ಯಾಗ ಆಡತೀರಲ್ಲ, ಆ ಮಾತು ನನಗ ಕಲಿಸು.”

“ಅಯ್ಯ, ಅದನ್ನೇನ್ ಕಲಿಸೂದವಾ? ಹೊಲಿಗಿ ಬಿಚ್ಚೂವಾಗ ಬೈತೇನಲ್ಲ, ಕೇಳ್ಕೋತ ಕುಂದ್ರು.”

ಕುಳಿತಳು, ಕಲಿತಳು, ಮುಂಬಯಿಗೆ ಹೋದಳು. ವಾರದೊಳಗೆ ಮುಖ ಕೆಂಪಗೆ ಮಾಡಿಕೊಂಡು ತಿರುಗಿ ಬಂದಳು.

“ನಾಯಕನ ಮುಂದ ನಿಂತು ‘ನಿಮ್ಮಾಣಿ’ ಅನ್ನೂದಿತ್ತು. ಅದಕ್ಕ ‘ಕಸಮ್’ ಅನ್ನಬೇಕಂತ, ಆ ‘ಕ’ನೂ ನಮ್ಮ ‘ಕ’ ಅಲ್ಲಂತ. ನೀ ಕಲಿಸಿದಂಗ ‘ಖಸಮ್’ ಅಂದೆ. ಹಂಗಂದ್ರ ಗಂಡ ಅಂತ! ಮೀಸಿ ಹೊತ್ತ ಗಂಡಸಿಗೆ ‘ನಿಮ್ಮ ಗಂಡ’ ಅಂದು ಬಂದೇನಿ. ಇನ್ನೊಂದು ಸಲ ನೋಡ್ತಾರಂತ, ಅಷ್ಟ.”

ರಾಜಬಿ ನಗು ನುಂಗಿಕೊಂಡಳು. ಆದರೆ ಇದು ಖರೇಯೇ? ಒಳಗಿದ್ದ ಗಂಡ ಗೌಸಸಾಬನನ್ನು ಕೇಳಿದಳು.

“ಏನ್ರೀ, ಆಣಿಗೆ ನಾವು ಏನಂತೇವಿ?”

“ಖಸಮ್.”

“ಗಂಡಗ?”

“ಖಸಮ್. ಯಾಕ, ಬದಲಿ ಮಾಡಾಕತ್ತೀಯೇನು?”

ಓಣಿಯಲ್ಲಿ ಕೇಳಿದವರೆಲ್ಲ ಹಾಗೆಯೇ ಅಂದರು. ಎರಡು ದನಿಗಳು ಕೂಡಿ ಒಂದಾಗಿಬಿಟ್ಟಿದ್ದವು. ಅದರಿಂದ ಯಾರ ಸಂಸಾರವೂ ಕೆಟ್ಟಿರಲಿಲ್ಲವಾದ್ದರಿಂದ ಯಾರೂ ಗಮನಿಸಿರಲಿಲ್ಲ.

ಅಂದು ಸಂಜೆ ನಮಾಜು ಮುಗಿದರೂ ರಾಜಬಿ ಚಾಪೆ ಬಿಟ್ಟು ಏಳಲಿಲ್ಲ. ಓದುವಾಗ ಅವಳ ಗಂಟಲಿನ ಆಳದಿಂದ ಒಂದು ಗಟ್ಟಿ ‘ಕ’ ಬಂದಿತ್ತು. ಸಣ್ಣವಳಿದ್ದಾಗ ಕುರಾನ್ ಓದು ಕಲಿಸಿದವರು ಬೆತ್ತ ತೋರಿಸಿ ಕೂಡಿಸಿದ ‘ಕ’. ನಮಾಜಿಗೆ ಬರುವುದು ಮಾತಿಗೆ ಯಾಕೆ ಬರುವುದಿಲ್ಲ? ಮೆಲ್ಲಗೆ ಅದೇ ‘ಕ’ ಹಚ್ಚಿ ‘ಕಸಮ್’ ಎಂದು ನೋಡಿದಳು. ಬಂತು.

ಮರುದಿನ ಮುರಿಗೆವ್ವನ ಕೈಗೆ ನೀರಿನ ಚಂಬು ಕೊಟ್ಟಳು. “ಮುಖ ಮ್ಯಾಲೆತ್ತಿ ಮುಕ್ಕಳಿಸು. ಗುಳುಗುಳು ಅನ್ನೂ ಜಾಗಾ ಗೊತ್ತಾತಿಲ್ಲೋ? ಅಲ್ಲಿಂದ ಅನ್ನು.”

ಮುರಿಗೆವ್ವ ಹಿಡಿದಳು. ಹಿಡಿದದ್ದನ್ನು ಎಲ್ಲ ಕಡೆಗೂ ಹಾಕತೊಡಗಿದಳು. ಊರಿಂದ ‘ಖಬರ್’ ಬಂತು ಎನ್ನುವಲ್ಲಿ ‘ಕಬರ್’ ಎಂದಳು.

“ಅಲ್ಲವಾ, ಊರಿಂದ ಸುದ್ದಿ ಬರ್ಲಿ. ಗೋರಿ ಯಾಕ ಬರಬೇಕು?”

ಯಾವ ಮಾತಿಗೆ ಯಾವ ದನಿಯೆಂದು ಎಷ್ಟೋ ಕಡೆ ರಾಜಬಿಗೂ ತಿಳಿಯದು. ಅಕ್ಷರ ಮಾತ್ರ ಗೊತ್ತಿತ್ತು: ಗಂಟಲಿನ ಕ-ಕ್ಕೆ ಮೇಲೆ ಎರಡು ಚುಕ್ಕೆ, ಖ-ಕ್ಕೆ ಒಂದೇ. ಕಂಪನಿಯವರು ಉರ್ದುವಿನಲ್ಲಿ ಬರೆದುಕೊಟ್ಟ ಸಂಭಾಷಣೆಯ ಮೇಲೆ ಸೂಜಿಯ ಮೊನೆಯಿಟ್ಟು ಚುಕ್ಕೆ ನೋಡುತ್ತ ಹೋದಳು. ಎರಡಿದ್ದಲ್ಲೆಲ್ಲ ಮುರಿಗೆವ್ವನ ತೊಡೆಗೆ ಒಂದು ಏಟು.

ಎರಡನೆಯ ಪರೀಕ್ಷೆಯಲ್ಲಿ ನಾಯಕಿಯ ಪಾತ್ರ ಮುರಿಗೆವ್ವನಿಗೇ ಉಳಿಯಿತು.

ಆ ಚಿತ್ರ ಹುಬ್ಬಳ್ಳಿಗೆ ಬಂದಾಗ ಗಂಡ ಹೆಂಡತಿ ಇಬ್ಬರೂ ಹೋದರು. ಚಿತ್ರ ಸುರುವಾಗುತ್ತಲೇ ರಾಜಬಿ ಕಣ್ಣು ಮುಚ್ಚಿದಳು. ಗೌಸಸಾಬ ಮೊಣಕೈಯಿಂದ ತಿವಿದ.

“ಏಯ್, ಮಲಗಾಕ ಬಂದೀಯೇನು? ಕಣ್ಣು ತಗಿ, ಮುರಿಗೆವ್ವ ಬಂದ್ಲು.”

“ಗೊತ್ತೈತಿ ಸುಮ್ಮನಿರ್ರೀ, ಕೇಳಾಕತ್ತೇನಿ.”