ಹೊನ್ನೆ ಮರದ ಕೆಂಪು ರಸ

ಚಾಕು ತಾಗಿದ ತೊಗಟೆಯಿಂದ ರಕ್ತದಂಥ ಕೆಂಪು ರಸ ಇಳಿಯಿತು. ಭಾಗ್ಯಶ್ರೀ ಹಿಗ್ಗಿನಿಂದ ನನ್ನತ್ತ ತಿರುಗಿದಳು.

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಗುಡ್ಡದಲ್ಲಿ ನನ್ನ ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಮರ ತೋರಿಸಿ, ಗುರುತಿಸಲು ಹೇಳಿದ್ದೆ. ಎಲೆಗಳ ಜೋಡಣೆ, ನಡುವೆ ಬೀಜವಿದ್ದು ಸುತ್ತಲೂ ತೆಳು ರೆಕ್ಕೆಯಿರುವ ದುಂಡನೆಯ ಕಾಯಿ, ಎಲ್ಲವನ್ನೂ ಅವಳೇ ವರ್ಣಿಸಿದ್ದಳು. ತೊಗರಿ, ಅವರೆಯ ಕುಟುಂಬಕ್ಕೇ ಸೇರಿದ ಮರವೆಂದೂ ಸರಿಯಾಗಿ ಹೇಳಿದ್ದಳು. ಹೆಸರೊಂದೇ ಬಾಕಿ. ತೊಗಟೆಯ ರಸ ನೋಡು ಎಂದು ಚಾಕು ಕೊಟ್ಟವನು ನಾನೇ.

"ಶಬ್ಬಾಶ್! ಇದೇ ನೋಡವಾ ಹೊನ್ನಿ ಗಿಡ," ಎಂದೆ.

ಅವಳ ಕೈಯಿಂದ ಚಾಕು ಜಾರಿತು.

"ಸರ್, ನಮ್ಮ ಕುಲದ ಬೆಡಗೇ ಹೊನ್ನಿ ಅದರಿ. ನಮ್ಮ ಮನ್ಯಾಗ ಈ ಗಿಡಕ್ಕ ಉಗುರು ಸೈತ ಹಚ್ಚಂಗಿಲ್ರಿ. ನಾ ಇದನ್ನ ನೋಡಿದ್ದೇ ಇವತ್ತ!"

ಶಹಾಬಾದಿನ ಕಲ್ಲುಗಣಿಗಳ ನಡುವೆ ಬೆಳೆದ ಹುಡುಗಿ. ವಂಶಕ್ಕೆ ಹೆಸರು ಕೊಟ್ಟ, ಮನೆಯವರು ಹಿರಿಯನೆಂದು ಕೈಮುಗಿಯುವ ಮರ ಅವಳ ಊರಲ್ಲಿ ಒಂದೂ ಇಲ್ಲ. ಅವಳು ಎರಡೂ ಅಂಗೈಗಳನ್ನು ಆ ಗಾಯಕ್ಕೆ ಒತ್ತಿ ಹಿಡಿದು, ಬಿಕ್ಕುತ್ತಾ ಮರಕ್ಕೇ ಹೇಳಿದಳು: "ತಪ್ಪಾತು ಮುತ್ಯಾ, ತಪ್ಪಾತು." ಬೆರಳ ಸಂದಿನಿಂದ ಕೆಂಪು ಇಳಿಯುತ್ತಲೇ ಇತ್ತು. ಈಗಷ್ಟೇ ಶಬ್ಬಾಶ್ ಎಂದಿದ್ದ ನಾನು ಬಿದ್ದ ಚಾಕುವನ್ನು ಎತ್ತಿ ಚೀಲದೊಳಗಿಟ್ಟೆ.

ಈಗ ಗುಡ್ಡ ಹತ್ತುವ ಮುನ್ನ ಮಕ್ಕಳನ್ನು ನಿಲ್ಲಿಸಿ ಕೇಳುತ್ತೇನೆ: "ನಿಮ್ಮ ಮನ್ಯಾಗ ಕೊಡಲಿ ಹಚ್ಚದ ಗಿಡ ಯಾವುದು?" ಎಲ್ಲರೂ ಉತ್ತರ ಹೇಳುವವರೆಗೆ ನನ್ನ ಚಾಕು ಚೀಲದಿಂದ ಹೊರಗೆ ಬರುವುದಿಲ್ಲ.