ಹಳೇ ಧಕ್ಕೆಯ ಮೂರು ಕೂಗು

ಹೋದ ತಿಂಗಳು ಸಂಕೇಶ್ವರದ ನಮ್ಮ ಮನೆಯ ಮಾಳಿಗೆ ಸೋರುತ್ತದೆಂದು ಒಬ್ಬನನ್ನು ಕರೆಸಿದ್ದೆ. ಅವನು ಹಳೇ ಡಬ್ಬಿಯಲ್ಲಿ ಡಾಂಬರು ಕುದಿಯಲಿಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚಹಾ ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ. "ಯಾಕ್ರಿ, ತಲಿ ತಿರಗಾಕತ್ತೈತೇನು?" ಎಂದಳು ಹೆಂಡತಿ. ಏನಂತ ಹೇಳಲಿ? ಮೂವತ್ತು ವರ್ಷದ ಹಿಂದೆ ಒಬ್ಬ ಮುದುಕನಿಗೆ ಹೇಳಿದ ಸುಳ್ಳು ನೆನಪಾಯಿತು ಅಂದರೆ ನಗುತ್ತಾಳೆ. ಸುಮ್ಮನೆ ಹೂಂ ಅಂದೆ.

ಆಗ ನಾನು ಹುಕ್ಕೇರಿ ತಾಲೂಕಿನಲ್ಲಿ ಹೊಸ ಮಾಸ್ತರ. ಘಟಪ್ರಭೆಯ ಹಿನ್ನೀರಿನ ಈಚೆ ದಂಡೆಗೆ ನನ್ನ ಬಾಡಿಗೆ ಖೋಲಿ, ಆಚೆ ದಂಡೆಗೆ ಸಾಲಿ. ನಡುವೆ ನೀರು, ದಾಟಲಿಕ್ಕೆ ಕಟ್ಟಿಗೆಯ ನಾವೆ. ನಾವೆ ಕಟ್ಟುವ ದೊಡ್ಡ ತಗಡಿನ ಶೆಡ್ಡು ಈಚೆಗೇ ಇತ್ತು. ಅದರ ಮುಂದೆ ನಾವೆ ನಿಲ್ಲಿಸುವ ಕಲ್ಲಿನ ಧಕ್ಕೆ, ಹಗ್ಗ ಬಿಗಿಯಲು ಕಬ್ಬಿಣದ ಬಳೆಗಳು. ಅಲ್ಲಿ ನಾವೆ ಕಟ್ಟುವವನೂ ನಡೆಸುವವನೂ ಒಬ್ಬನೇ, ಊರೆಲ್ಲ ನಾವಿ ಕಾಕಾ ಅನ್ನುತ್ತಿದ್ದ ಮುದುಕ. ಮೊದಲ ದಿನ ನಾನು ಅಂಚನ್ನು ಗಟ್ಟಿಯಾಗಿ ಹಿಡಿದು ಕೂತದ್ದು ನೋಡಿ, "ಮಾಸ್ತರ, ಬಿಡ್ರಿ ಅದನ್ನ. ಎಲ್ಲೂ ಓಡಿ ಹೋಗೂದಿಲ್ಲದು" ಎಂದಿದ್ದ.

ನನ್ನ ಸೀಮೆಸುಣ್ಣದ ತುಂಡುಗಳೆಲ್ಲ ಅವನಿಗೇ ಹೋಗುತ್ತಿದ್ದವು. ರಿಪೇರಿಗೆ ಬಂದ ನಾವೆಯನ್ನು ಬಿಸಿಲಿಗೆ ಬೋರಲು ಹಾಕಿ, ಅದರ ಹೊಟ್ಟೆಯ ಕೆಳಗೆ ನುಸುಳುತ್ತಿದ್ದ. ಒಂದು ಭಾನುವಾರ ನಾನೂ ನುಸುಳಿದ್ದೆ. ನಟ್ಟನಡು ಮಧ್ಯಾಹ್ನ, ಒಳಗೆ ಮಾತ್ರ ಕಪ್ಪು ಕತ್ತಲೆ, ಡಾಂಬರಿನ ವಾಸನೆ. ಎಲ್ಲೆಲ್ಲಿ ಬೆಳಕು ಸೂಜಿಯ ಹಾಗೆ ಇಳಿಯುತ್ತದೋ ಅಲ್ಲೆಲ್ಲ ಕಾಕಾ ಸೀಮೆಸುಣ್ಣದಿಂದ ದುಂಡಗೆ ಗೆರೆ ಎಳೆಯುತ್ತಿದ್ದ. ಅಲ್ಲಿ ನೀರು ಒಳಗೆ ಬರುತ್ತದೆ ಎಂದು ಲೆಕ್ಕ. ಆಮೇಲೆ ಒಲೆ ಹಚ್ಚಿ ಡಾಂಬರು ಕುದಿಸಿ ಅಲ್ಲೆಲ್ಲ ಮೆತ್ತುತ್ತಿದ್ದ.

ಅವನ ಇನ್ನೊಂದು ಪದ್ಧತಿ ನನಗೆ ಆಗ ಹುಚ್ಚು ಅನ್ನಿಸಿತ್ತು. ಹೊತ್ತು ಮುಳುಗುವಾಗ, ಕೊನೆಯ ಸಲ ನಾವೆಯನ್ನು ಬಳೆಗೆ ಕಟ್ಟುವ ಮುಂಚೆ, ಧಕ್ಕೆಯ ತುದಿಗೆ ನಿಂತು ಆಚೆ ದಂಡೆಗೆ ಮೂರು ಸಲ ಕೂಗುತ್ತಿದ್ದ. "ಯಾರರ ಉಳದೀರೇನ್ರೀ…" ಆಚೆ ಕಡೆ ಕರಿಬಂಡೆಯ ಗುಡ್ಡ. ಕೂಗು ಹೊಳ್ಳಿ ಬರುತ್ತಿತ್ತು.

"ಮೂರೂ ಹೊಳ್ಳಿ ಬಂದ್ರ ದಂಡಿ ಖಾಲಿ, ಮಾಸ್ತರ. ಒಂದ ಬರಲಿಲ್ಲಂದ್ರ ಯಾರೋ ಅದನ್ನ ಇಸಕೊಂಡಾರಂತ ತಿಳೀರಿ."

ನಾನು ಪ್ರತಿಧ್ವನಿಯ ಪಾಠ ಮಾಡಿದೆ. "ಹೌದ್ರಿ?" ಎಂದು ಮರ್ಯಾದೆಯಿಂದ ಕೇಳಿಸಿಕೊಂಡು, ಮಾರನೇ ದಿನ ಮತ್ತೆ ಕೂಗಿದ. ಬಹಳ ಹಿಂದೆ ಒಂದು ಸಂಜೆ ದಣಿವಿನಲ್ಲಿ ಕೂಗದೆ ನಾವೆ ಕಟ್ಟಿದ್ದನಂತೆ. ಬೆಳಿಗ್ಗೆ ಹೋದರೆ ಆಚೆ ದಂಡೆಯಲ್ಲಿ ನೀರಿಗೆ ಮುಖ ಮಾಡಿ ಒಂದು ಜೋಡಿ ಹೆಣ್ಣುಮಗಳ ಚಪ್ಪಲಿ… ಅಷ್ಟು ಹೇಳಿ ಹುಟ್ಟು ಎತ್ತಿಕೊಂಡಿದ್ದ. ಯಾರವು ಎಂದು ನಾನೂ ಕೇಳಲಿಲ್ಲ.

ಆಮೇಲೆ ಸೇತುವೆ ಆಯಿತು, ಬಸ್ಸು ಬಂತು. ನಾವೆಗಳು ಶೆಡ್ಡಿನಲ್ಲಿ ಬೋರಲು ಬಿದ್ದವು. ಕಾಕಾ ಮಾತ್ರ ದಿನಾ ಸಂಜೆ ಕೂಗುವುದನ್ನು ಬಿಡಲಿಲ್ಲ. ಹುಡುಗರು ಅಣಕಿಸುತ್ತಿದ್ದರು.

ಒಂದು ಚಳಿಗಾಲ ಅವನಿಗೆ ಜ್ವರ ಬಂತು. ನೋಡಲು ಹೋದೆ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಹೊರಸಿನ ಮೇಲೆ ಮಲಗಿದ್ದ. ಹೊರಗೆ ಹೊತ್ತು ಇಳಿದದ್ದು ನೋಡಿ ನನ್ನ ಕೈ ಹಿಡಿದ. "ಇವತ್ತೊಂದಿನ ನೀವ ಕೂಗಿ ಬರ್ರಿ, ಮಾಸ್ತರ."

ಧಕ್ಕೆಗೆ ಹೋದೆ. ಅಲ್ಲಿ ಇಬ್ಬರು ಎತ್ತು ತೊಳೆಯುತ್ತಿದ್ದರು, ಇಬ್ಬರ ಮಕ್ಕಳೂ ನನ್ನ ಸಾಲಿಯವರೇ. ಮಾಸ್ತರ ಅನ್ನಿಸಿಕೊಂಡವನು ಖಾಲಿ ದಂಡೆಗೆ ಒದರಿದರೆ ನಾಳೆ ಊರೆಲ್ಲ ನಗುತ್ತದೆ. ನಾಚಿಕೆಯಾಯಿತು. ಬಾಯಿ ಬಿಚ್ಚದೆ ಸ್ವಲ್ಪ ಹೊತ್ತು ನಿಂತು, ವಾಪಸು ಬಂದು, "ಕೂಗಿದೆ ಕಾಕಾ, ಮೂರೂ ಬಂದ್ವು. ಖಾಲಿ ಐತಿ" ಎಂದೆ.

ಅವನು ತಗಡಿನ ಗೋಡೆಯನ್ನೇ ನೋಡುತ್ತ ಬಿದ್ದುಕೊಂಡಿದ್ದ. "ಛಲೋ ಆತ್ರಿ" ಎಂದ.

ಅರ್ಧ ದಾರಿಗೆ ಬಂದ ಮೇಲೆ ಹೊಳೆಯಿತು. ಹೊರಸಿಗೂ ಧಕ್ಕೆಗೂ ನಡುವೆ ಇದ್ದದ್ದು ಒಂದು ತಗಡು, ಮೂವತ್ತು ಹೆಜ್ಜೆ. ನಾನು ಕೂಗಿದ್ದರೆ ಅವನಿಗೆ ಕೇಳುತ್ತಿರಲಿಲ್ಲವೇ? ಕಿವಿಗೊಟ್ಟೇ ಮಲಗಿದ್ದ ಮನುಷ್ಯ… ಆದರೂ ನಾನು ಹೊಳ್ಳಿ ಹೋಗಲಿಲ್ಲ.

ಮರುದಿನ ಅವನ ಸೊಸೆ ಹೇಳಿದಳು. ನಾನು ಹೋದ ಮೇಲೆ ಕಂಬಳಿ ಹೊದ್ದು ತಾನೇ ಧಕ್ಕೆಗೆ ಹೋಗಿದ್ದನಂತೆ. ಮೂರು ಸಲ ಕೂಗಿ, ಥಂಡಿ ಗಾಳಿಯಲ್ಲಿ ಅಲ್ಲೇ ಕುಸಿದಿದ್ದನಂತೆ. "ಎರಡ ಬಂದ್ವು, ನಾವಿ ಬಿಡ್ರಿ ಅಂತ ಒಂದ ಸವನ ಬಡಬಡಸಾಕತ್ತಾರ್ರಿ" ಎಂದಳು. ನಾಲ್ಕನೇ ದಿನ ಹೋಗಿಬಿಟ್ಟ. ಮಣ್ಣಿಗೆ ಹೋಗಿ ಬಂದೆ, ಯಾರಿಗೂ ಏನೂ ಹೇಳಲಿಲ್ಲ. ವರ್ಷ ತುಂಬುವುದರೊಳಗೆ ಗೋಕಾಕದ ಕಡೆಗೆ ವರ್ಗ ಮಾಡಿಸಿಕೊಂಡೆ.

ಡಾಂಬರಿನ ವಾಸನೆ ಮೂಗು ಬಿಟ್ಟು ಹೋಗದ್ದಕ್ಕೆ ಮೊನ್ನೆ ಹೆಂಡತಿಗೆ ಹೇಳಿ ಒಬ್ಬನೇ ಹಳೇ ಧಕ್ಕೆಗೆ ಹೋದೆ. ಶೆಡ್ಡಿನ ಅರ್ಧ ತಗಡು ಹಾರಿಹೋಗಿದೆ. ನೀರು ದೂರ ಸರಿದು, ಧಕ್ಕೆ ಒಣ ಕೆಸರಿನ ಮೇಲೆ ಎದ್ದು ನಿಂತಿದೆ. ಬಳೆಗಳು ತುಕ್ಕು ಹಿಡಿದು ಕಲ್ಲಿಗೇ ಅಂಟಿವೆ. ಒಂದು ನಾವೆ ಇನ್ನೂ ಬೋರಲು ಬಿದ್ದಿತ್ತು. ಈ ವಯಸ್ಸಿನಲ್ಲಿ ಬೇಕಿತ್ತೋ ಇಲ್ಲವೋ, ಅದರ ಕೆಳಗೆ ನುಸುಳಿದೆ. ಬೆಳಕಿನ ತೂತುಗಳ ಸುತ್ತ ಮಾಸಿದ ಬಿಳಿ ಗೆರೆಗಳು ಹಾಗೇ ಇದ್ದವು. ನನ್ನದೇ ಸೀಮೆಸುಣ್ಣ. ಅಲ್ಲಿ ಯಾರೂ ಒಲೆ ಹಚ್ಚಿ ಎಷ್ಟೋ ವರ್ಷವಾಗಿದೆ, ಡಾಂಬರಿನ ವಾಸನೆ ಮಾತ್ರ ಹಸಿಯಾಗಿತ್ತು. ಗಡಬಡಿಸಿ ಹೊರಗೆ ಬಂದೆ.

ಹೊತ್ತು ಮುಳುಗುತ್ತಿತ್ತು. ಎತ್ತು ತೊಳೆಯುವವರಿಲ್ಲ, ನಗುವವರಿಲ್ಲ. ಧಕ್ಕೆಯ ತುದಿಗೆ ನಿಂತು ಕೂಗಿದೆ. ಗುಡ್ಡ ಕೂಗನ್ನು ವಾಪಸು ಕೊಟ್ಟಿತು. ಎರಡನೆಯದೂ ಬಂತು. ಮೂರನೆಯದು… ಬರಲಿಲ್ಲ. ಗಾಳಿ ಇರಲಿಲ್ಲ, ಹಕ್ಕಿ ಸದ್ದೂ ಇರಲಿಲ್ಲ. ಪ್ರತಿಧ್ವನಿಯ ಪಾಠವನ್ನು ಇಡೀ ನೌಕರಿಯುದ್ದಕ್ಕೂ ಮಾಡಿದವನು ನಾನು. ಆದರೂ ಹಿಂದೆ ನೋಡದೆ ಗಾಡಿಯ ಕಡೆಗೆ ನಡೆದೆ.

ಸೇತುವೆ ದಾಟಿದರೆ ಆಚೆ ದಂಡೆಗೆ ಹತ್ತು ನಿಮಿಷ. ಗಾಡಿಯನ್ನು ಅತ್ತ ತಿರುಗಿಸಲಿಲ್ಲ, ಸೀದಾ ಮನೆಗೆ ಬಂದೆ.

"ಅಲ್ಲೆ ಯಾರರ ಇದ್ರೇನ್ರಿ?" ಎಂದು ಕೇಳಿದಳು ಹೆಂಡತಿ.

"ಯಾರೂ ಇಲ್ಲ, ಖಾಲಿ ಐತಿ" ಎಂದೆ. ಅವತ್ತು ಹೊರಸಿನ ಪಕ್ಕದಲ್ಲಿ ನಿಂತು ಹೇಳಿದ ದನಿಯೇ. ಸುಳ್ಳೆಂದು ತಿಳಿದೂ ಛಲೋ ಆತ್ರಿ ಅನ್ನುವವನು ಈಗ ಇಲ್ಲ.